ನಾನು ಬಚ್ಚಿಟ್ಟ ರಕ್ತದ ರಿಪೋರ್ಟು

ಮೊದಲ ಸಲ ಬಸುರಿಯಾದಾಗ ಬೋಗಾದಿಯ ನಮ್ಮ ಬಾಡಿಗೆ ಮನೆಗೆ ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟಿದ್ದೆ. ರಿಪೋರ್ಟು ತರಲು ಒಬ್ಬಳೇ ಹೋದೆ. ನರ್ಸ್ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು.

“ಇದು ಸಿಫಿಲಿಸ್ ಟೆಸ್ಟು ಕಣಮ್ಮ. ಸ್ವಲ್ಪ ಪಾಸಿಟಿವ್ ಬಂದಿದೆ. ಇನ್ನೊಂದು ಟೆಸ್ಟ್ ಮಾಡಿ ನೋಡ್ಬೇಕು. ಯಜಮಾನ್ರನ್ನೂ ಕರ್ಕೊಂಡ್ ಬಂದ್ಬುಡಿ.”

ಇನ್ನೊಂದು ಟೆಸ್ಟ್ ಎಂದದ್ದು ನನ್ನ ತಲೆಗೆ ಹೋಗಲೇ ಇಲ್ಲ. ಯಜಮಾನ್ರು ಎಂದದ್ದು ಮಾತ್ರ ಹೋಯಿತು. ಅದು ಗಂಡು ಹೆಣ್ಣಿನ ಕೂಟದಿಂದ ಅಂಟುವ ರೋಗವೆಂದು ಗೊತ್ತಿತ್ತು. ನಾನು ತಪ್ಪು ಮಾಡಿಲ್ಲ ಅಂದಮೇಲೆ ಇನ್ನಾರು? ನನ್ನ ಗಂಡನದು ದೇವರಾಜ ಮೊಹಲ್ಲಾದಲ್ಲಿ ಸೈಕಲ್ ಸಾಮಾನಿನ ಅಂಗಡಿ. ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಅಂಗಡಿ ಎಂದಿದ್ದ ಆ ಮನುಷ್ಯನ ಮೇಲೆ, ಮನೆ ಮುಟ್ಟುವಷ್ಟರಲ್ಲಿ ತೀರ್ಪು ಕೊಟ್ಟು ಮುಗಿಸಿದ್ದೆ. ನಾನೋ ಹೈಸ್ಕೂಲಿನ ಕನ್ನಡ ಟೀಚರು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ವರ್ಷಾ ವರ್ಷ ಮಕ್ಕಳ ತಲೆ ತಿನ್ನುವವಳು. ಬುದ್ಧಿ ಇದ್ದದ್ದೆಲ್ಲ ಮಕ್ಕಳಿಗೆ.

ರಿಪೋರ್ಟನ್ನು ಬೀರುವಿನಲ್ಲಿ ಸೀರೆಯೊಳಗೆ ತುರುಕಿದೆ. ಆ ಆಸ್ಪತ್ರೆಗೆ ಮತ್ತೆ ಕಾಲಿಡಲಿಲ್ಲ. ಗಂಡನ ಟವೆಲು, ಸೋಪು ಬೇರೆ ಮಾಡಿದೆ. ನಾಲ್ಕನೇ ತಿಂಗಳಲ್ಲಿ ಮಗು ಹೋಯಿತು. ಅವರು ಮಂಚದ ಅಂಚಿನಲ್ಲಿ ಕೂತು ಅತ್ತರು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ನಾನು ಗೋಡೆಯ ಕಡೆ ತಿರುಗಿದೆ. ಅಮ್ಮನಿಗೆ ಹೇಳುವಂತಿಲ್ಲ, ಸ್ಟಾಫ್ ರೂಮಿನಲ್ಲಿ ಬಾಯಿ ಬಿಡುವಂತಿಲ್ಲ. ಅಷ್ಟು ಒಂಟಿಯಾಗಿ ನಾನೆಂದೂ ಇರಲಿಲ್ಲ.

ವರ್ಷ ಕಳೆದ ಮೇಲೆ ಮಗುವಿನ ಆಸೆ ಸಿಟ್ಟನ್ನೂ ಹೆದರಿಕೆಯನ್ನೂ ಮೀರಿತು. ಮತ್ತೆ ಬಸುರಿಯಾದೆ. ಹೊಸ ಆಸ್ಪತ್ರೆಯಲ್ಲಿ ಹಳೆಯ ರಿಪೋರ್ಟು ಕೇಳಿದರೆ ಕಳೆದುಹೋಯಿತು ಎಂದೆ. ರಕ್ತ ಕೊಡುವುದನ್ನು ಇಂದು ನಾಳೆ ಎಂದು ಮುಂದೂಡಿದೆ. ಮೂರು ತಿಂಗಳು ತುಂಬುವ ಮೊದಲೇ ಅದೂ ಹೋಯಿತು.

ಹಳೆಯ ರಿಪೋರ್ಟು ಬೇಕೇ ಬೇಕೆಂದು ಅಲ್ಲಿನ ಹಿರಿಯ ಡಾಕ್ಟರಮ್ಮ ಗದರಿದ ಮೇಲೆ ಆ ಹಾಳೆಯನ್ನು ಒಯ್ದು ಕೊಟ್ಟೆ. ಅವರು ಬೇರೆ ಪರೀಕ್ಷೆಗಳನ್ನು ಬರೆದರು. ಹನ್ನೆರಡು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿದರು.

“ನಿಮಗೆ ಆ ರೋಗ ಇಲ್ವೇ ಇಲ್ಲಮ್ಮ. ನಮ್ಮನ್ನ ಕಾಯ್ಬೇಕಾದ ಪ್ರತಿಕಾಯಗಳು ನಿಮ್ಮಲ್ಲಿ ನಿಮ್ಮ ಮೇಲೇ ತಿರುಗಿಬಿದ್ದಿವೆ. ಮಾಸಿನಲ್ಲಿ, ಅಂದ್ರೆ ಪ್ಲಸೆಂಟಾದಲ್ಲಿ, ರಕ್ತ ಹೆಪ್ಪುಗಟ್ಟಿ ಮಗುವಿಗೆ ಏನೂ ಸರಿಯಾಗಿ ತಲುಪೋದಿಲ್ಲ. ಆ ಟೆಸ್ಟು ಸುಳ್ಳು ಪಾಸಿಟಿವ್ ಬಂದಿದ್ದೂ ಅವುಗಳಿಂದಲೇ. ಈ ಹಾಳೆ ಮೊದ್ಲೇ ತೋರ್ಸಿದ್ರೆ ಎರಡನೇ ಸಲ ಶುರುವಿನಿಂದಲೇ ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಟ್ಟು ನೋಡ್ಬೋದಿತ್ತು. ಉಳೀತಿತ್ತು ಅಂತ ಖಂಡಿತ ಹೇಳಲಾರೆ.”

ಅಂದು ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದೆ. ಕೈಯಲ್ಲಿದ್ದ ತುತ್ತನ್ನು ಅವರು ತಟ್ಟೆಗೇ ಬಿಟ್ಟರು.

“ಇಷ್ಟು ದಿನ ನನ್ನನ್ನ ಅಂಥೋನು ಅನ್ಕೊಂಡೇ ಅನ್ನ ಬಡಿಸ್ತಿದ್ಯಾ? ಒಂದ್ ಮಾತು ಕೇಳ್ಬಾರ್ದಿತ್ತಾ?”

“ತಪ್ಪಾಯ್ತು ರೀ.”

ಅವರು ಕೈತೊಳೆದು ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತರು. ನಾನು ಆ ಹಾಳೆಯನ್ನು ಬಚ್ಚಿಡದಿದ್ದರೆ ಎರಡನೆಯದು ಉಳಿಯುತ್ತಿತ್ತೇನೋ ಎಂಬ ಮಾತನ್ನು ಅವರು ಅಂದೂ ಆಡಲಿಲ್ಲ, ಇಂದಿಗೂ ಆಡಿಲ್ಲ. ಒಮ್ಮೆ ಬಾಯಿಬಿಟ್ಟು ಬೈದಿದ್ದರೆ, ಅದನ್ನು ನಾನೊಬ್ಬಳೇ ಹೊರುವುದು ತಪ್ಪುತ್ತಿತ್ತು.