ಗೌರಿ ನೋಡಿದ್ದಕ್ಕೆ ದರ ಏರಲಿಲ್ಲ

ಗೌರಿ, ನಾಲ್ಕು ವರ್ಷದ ಹಿಂದೆ ಅವ್ವ ನಿನ್ನ ಬಾಣಂತನಕ್ಕೆ ಬಾರದೇ ಹೋದದ್ದು ನನ್ನಿಂದ. ವಿಮಾನದ ದರದಿಂದಲ್ಲ. ನೀನು ಫೋನಿನಲ್ಲಿ ಮತ್ತೆ ಮತ್ತೆ ನೋಡಿದ್ದರಿಂದಲೂ ಅಲ್ಲ. ದರ ಇಳಿದಿತ್ತು — ಇಳಿದದ್ದನ್ನು ಕಣ್ಣಾರೆ ಕಂಡು, ಏರಿದೆ ಎಂದು ಹೇಳಿದವಳು ನಿನ್ನ ಅತ್ತಿಗೆಯಾದ ನಾನು.

ಬರೆದುಬಿಟ್ಟೆ. ಇಷ್ಟು ಬರೆಯುವುದಕ್ಕೆ ಮೂರು ದಿನ ಹಿಡಿಯಿತು. ಇನ್ನು ಮಿಕ್ಕದ್ದನ್ನು ನಡೆದ ಹಾಗೇ ಹೇಳುತ್ತೇನೆ, ನಡುವೆ ನಿಲ್ಲಿಸಿದರೆ ಮತ್ತೆ ಕೈ ಓಡುವುದಿಲ್ಲ.

ಚೊಚ್ಚಲ ಹೆರಿಗೆ, ನೀನು ಕೊಟ್ಟೂರಿಗೇ ಬರಬೇಕಿತ್ತು. ಆದರೆ ಗುವಾಹಟಿಯ ಡಾಕ್ಟರು ಪ್ರಯಾಣ ಕೂಡದು ಎಂದರು. ನಿಮ್ಮ ಮನೆಯವರದು ಸೈನ್ಯದ ನೌಕರಿ, ಯಾವಾಗ ಕರೆ ಬರುತ್ತದೋ ಗೊತ್ತಿಲ್ಲ. ಹಾಗಾಗಿ ತವರೇ ನಿನ್ನ ಹತ್ತಿರ ಹೋಗಬೇಕಾಯಿತು. ರೈಲೆಂದರೆ ಮೂರು ದಿನ, ಅವ್ವನ ಮೊಣಕಾಲಿಗೆ ಆಗದ ಮಾತು. ವಿಮಾನವೇ ಸರಿ ಎಂದಾಯಿತು. ತಂಬ್ರಹಳ್ಳಿಯ ಯೋಧನೊಬ್ಬ ರಜೆ ಮುಗಿಸಿ ಮುಂದಿನ ಸೋಮವಾರ ಬೆಂಗಳೂರಿನಿಂದ ಅಲ್ಲಿಗೇ ಹೊರಟಿದ್ದ. ಅದೇ ವಿಮಾನಕ್ಕೆ ಟಿಕೀಟು ಮಾಡಿದರೆ ಅವ್ವನನ್ನು ನಿನ್ನ ಬಾಗಿಲಿಗೆ ಬಿಟ್ಟು ಹೋಗುತ್ತೇನೆ ಎಂದಿದ್ದ. ಅವನ ಜೊತೆ ತಪ್ಪಿದರೆ ಅವ್ವ ಒಬ್ಬಳೇ ಹೋಗುವ ಹಾಗಿರಲಿಲ್ಲ. ನಿಮ್ಮಣ್ಣ ಕೊಟ್ರೇಶಿ, "ಟಿಕೀಟಿನ ಕೆಲಸ ನೀನ ನೋಡು, ನನಗ ಆ ಫೋನಿನ ವ್ಯವಹಾರ ತಿಳಿಯಂಗಿಲ್ಲ" ಎಂದು ನನಗೇ ಬಿಟ್ಟರು.

ಅವ್ವ ಎರಡು ತಿಂಗಳಿಂದ ಸಿದ್ಧವಾಗಿದ್ದಳು. ಅಂಟಿನ ಉಂಡಿ ಕಟ್ಟಿದ್ದಳು, ಕೂಸಿಗೆ ತೇಯ್ದು ನೆಕ್ಕಿಸಲು ಬಜೆ ಬೇಯಿಸಿ ಒಣಗಿಸಿದ್ದಳು, ತನ್ನ ಹಳೆಯ ಇಳಕಲ್ ಸೀರೆ ಹರಿದು ಕೂಸಿಗೆ ಕೌದಿ ಹೊಲಿದಿದ್ದಳು. ನನ್ನ ತಾಯಿ ಇಲ್ಲದ್ದರಿಂದ ನನ್ನ ಎರಡೂ ಬಾಣಂತನ ಅವಳದೇ. ನಾನೂ ಅವಳನ್ನು ಅತ್ತೆ ಎಂದವಳಲ್ಲ, ಅವ್ವ ಎಂದೇ ಕರೆದವಳು. ಅದೆಲ್ಲ ಗೊತ್ತಿದ್ದೂ —

ನಮ್ಮ ಖಾನಾವಳಿಗೆ ಜನ ಬರುತ್ತಿದ್ದದ್ದು ಅವಳ ರೊಟ್ಟಿಗೆ. ನಾನು ಬಡಿದರೆ ಅಂಚು ಒಡೆಯುತ್ತದೆ, ನಿನಗೂ ಗೊತ್ತು. ಆ ವಾರವೇ ಹರಪನಹಳ್ಳಿ ಕಡೆ ಗಾಳಿಯಿಂದ ಕರೆಂಟು ಮಾಡುವ ಯಂತ್ರ ನೆಡುವ ಕೆಲಸದವರು ಬಂದು, ಎರಡು ತಿಂಗಳು ದಿನವೂ ನೂರೈವತ್ತು ರೊಟ್ಟಿ ಬೇಕೆಂದು ಕೇಳಿದರು. ಆಗಲಿ ಎಂದು ಮಾತು ಕೊಟ್ಟುಬಿಟ್ಟೆ. ಅವ್ವನನ್ನು ಕೇಳಲಿಲ್ಲ, ನಿಮ್ಮಣ್ಣನಿಗೂ ಹೇಳಲಿಲ್ಲ. ಇಂಥ ಗಿರಾಕಿ ಸಿಗುವುದಕ್ಕೆ ಆರು ವರ್ಷ ಕಾದಿದ್ದೆ. ಗೌರಿಗೆ ಅಲ್ಲಿ ದೊಡ್ಡ ಆಸ್ಪತ್ರೆಯಿದೆ, ಅಕ್ಕಪಕ್ಕದ ಕ್ವಾರ್ಟರ್ಸಿನ ಹೆಂಗಸರಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲ ದಿನ ದರ ನೋಡಿದಾಗ ಎಂಟು ಸಾವಿರದ ಹತ್ತಿರ ಇತ್ತು. ಊಟದ ಗದ್ದಲ ಮುಗಿಸಿ ನೋಡಿದರೆ ಒಂಬತ್ತು ದಾಟಿತ್ತು. ಅದು ನಿಜವಾಗಿ ಏರಿದ್ದೇ, ಅದರಲ್ಲಿ ನನ್ನ ಕೈವಾಡವಿರಲಿಲ್ಲ. ಕಾಯಂ ಊಟಕ್ಕೆ ಬರುತ್ತಿದ್ದ ಹೈಸ್ಕೂಲು ಮೇಷ್ಟ್ರು ನಿನಗೆ ನೆನಪಿರಬೇಕು, ತೆಳ್ಳಗೆ, ಮಾತಿಗೊಮ್ಮೆ ಕನ್ನಡಕ ಒರೆಸುತ್ತಿದ್ದವರು. ಅವರು ಹೇಳಿದರು, "ತಾಯಿ, ಒಂದ ಫೋನಿನ್ಯಾಗ ಪದೇ ಪದೇ ನೋಡಬಾರದ್ರಿ. ಆ ಸೈಟಿನವ್ರಿಗೆ ಗೊತ್ತಾಗತೈತಿ, ಇವ್ರಿಗೆ ಹೋಗಾಕ ಬೇಕ ಬೇಕು ಅಂತ. ನೋಡಿದಂಗ ನೋಡಿದಂಗ ಏರಸ್ತಾರ."

ಆ ಮಾತು ನನಗೆ ಬೇಕಾಗಿತ್ತು. ನಾನೇ ಯೋಚಿಸಿದ್ದರೂ ಇಷ್ಟು ಒಳ್ಳೆಯ ನೆಪ ಹೊಳೆಯುತ್ತಿರಲಿಲ್ಲ.

ಒಳಗೆ ಹೋಗಿ ಅವ್ವನಿಗೆ ಅಂದೆ, "ನಾವು ನೋಡಿ ನೋಡಿ ರೇಟು ಏರೇತಿ ಅವ್ವಾ. ನಾಕು ದಿನ ಮುಟ್ಟದಂಗ ಬಿಟ್ರ ತಾನ ಇಳಿತೈತಂತ."

ಅವಳು ಅನುಮಾನಿಸಲಿಲ್ಲ. ಎಷ್ಟು ಬೇಗ ನಂಬಿದಳು ಎಂದರೆ ನನಗೇ ದಿಗಿಲಾಯಿತು. "ಹೂಂ ಮತ್ತ! ಕುಂಬಳದ ಹೀಚಿಗಿ ಬೆರಳು ಮಾಡಿ ತೋರಿಸಿದ್ರ ಕೊಳಿಯಂಗಿಲ್ಲೇನು? ಇದೂ ಹಂಗ. ಹೋಗೋದಕ ಮೊದ್ಲ ಹತ್ತು ಮಂದಿ ಕಣ್ಣು ಹಾಕಿದ್ರ ಯಾವುದು ಕೈಗೆ ಹತ್ತತೈತಿ?" ಎಂದಳು. ಆಮೇಲೆ ಕೈಯ ಹಿಟ್ಟು ಕೊಡವುತ್ತ ಕೇಳಿದಳು, "ಯಾರ್ಯಾರು ನೋಡ್ಯಾರ?"

ಅಲ್ಲಿ ಸುಮ್ಮನಿರಬಹುದಿತ್ತು. 'ನಾನು' ಎನ್ನಬಹುದಿತ್ತು.

"ಗೌರಿನೂ ನೋಡಾಕತ್ತಾಳ ಅವ್ವಾ. ದಿನಾ ಹತ್ತು ಸಲ ನೋಡ್ತಾಳ."

ನೀನು ಆಸೆಗೆ ನೋಡಿ ನನಗೆ ಫೋಟೋ ಕಳಿಸುತ್ತಿದ್ದೆ, ಅತ್ತಿಗೀ ಇದು ಆಗಬಹುದಾ, ಅದು ಆಗಬಹುದಾ ಎಂದು. ಅದನ್ನೇ ನಿನ್ನ ತಪ್ಪು ಮಾಡಿದೆ. ಅವ್ವ ಆಗಲೇ ನಿನಗೆ ಫೋನು ಹಚ್ಚಿದಳು. "ಏ ಗೌರಿ, ಬಸರಿ ಹೆಂಗಸು ಕೈ ಕಟ್ಟಿ ಕುಂದ್ರು. ನೀನು ಆ ವಿಮಾನ ನೋಡಬ್ಯಾಡ, ನೋಡಿದ್ರ ಏರತೈತಿ!" ನೀನು ನಕ್ಕೆ. "ಯವ್ವಾ, ವಿಮಾನ ಏರೋದ ಅಲ್ಲೇನು?" ಎಂದೆ. ಅವ್ವನೂ ನಕ್ಕಳು. ನಾನು ಒಲೆಯ ಕಡೆ ತಿರುಗಿಕೊಂಡೆ.

ಗುರುವಾರ ಬಂತು. ಬೆಂಗಳೂರಿನ ಬಸ್ಸಿಗೆ ಭಾನುವಾರ ಹತ್ತಬೇಕು, ಅಂದರೆ ಉಳಿದದ್ದು ಎರಡೇ ದಿನ. ಮೇಷ್ಟ್ರು ಊಟಕ್ಕೆ ಕೂತವರು ತಾವಾಗಿಯೇ ಕೇಳಿದರು, "ಏನಾತ್ರಿ ಅಮ್ಮಾರ ಟಿಕೀಟು? ತಡೀರಿ, ನನ್ನ ಫೋನಿನ್ಯಾಗ ನೋಡೂಣು. ಇದ್ರಾಗ ಜನ್ಮದಾಗ ವಿಮಾನ ಹುಡುಕಿಲ್ಲ, ಇದಕ ಕಮ್ಮಿ ತೋರಸ್ತಾರ." ಬೇಡ ಎನ್ನುವುದಕ್ಕೆ ಕಾರಣ ಸಿಗಲಿಲ್ಲ. ಅವರು ಎಡಗೈಯಲ್ಲಿ ಒತ್ತುತ್ತ, ನನ್ನ ಫೋನಿನಲ್ಲೂ ತೆಗೆಯಿರಿ ಎಂದರು. ತೆಗೆದೆ. ಎರಡನ್ನೂ ತಾಟಿನ ಪಕ್ಕ ಜೋಡಿಸಿ ಇಟ್ಟರು.

ಎರಡರಲ್ಲೂ ಒಂದೇ ದರ. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ. ಏಳು ಸಾವಿರದ ಚಿಲ್ಲರೆ — ಮೊದಲ ದಿನಕ್ಕಿಂತ ಕಡಿಮೆ.

"ಅಯ್ಯ, ನನ್ನ ಮಾತ ಸುಳ್ಳಾತಲ್ರಿ!" ಎಂದು ಮೇಷ್ಟ್ರು ಖುಷಿಪಟ್ಟರು. "ಮೊದ್ಲ ನೋಡಿದ ಫೋನಿಗೂ ಅಷ್ಟ, ನೋಡದ ಫೋನಿಗೂ ಅಷ್ಟ. ಮಾಡಿಬಿಡ್ರಿ ತಾಯಿ, ಇಳಿದೈತಿ."

ರೊಟ್ಟಿ ಬಡಿಯುವ ಸದ್ದಿನಲ್ಲಿ ಅವ್ವನಿಗೆ ಆ ಮಾತು ಕೇಳಿಸಿರಲಿಲ್ಲ; ಈಗ ಒಳಗೆ ಸದ್ದು ನಿಂತಿತು. "ಎಷ್ಟೈತ್ರಿ ಮೇಷ್ಟ್ರ?"

ಅವರ ಬಾಯಲ್ಲಿ ತುತ್ತಿತ್ತು. ಅದನ್ನು ನುಂಗುವಷ್ಟು ಹೊತ್ತು ಮಾತ್ರ ನನಗೆ ಸಮಯ. ಅವ್ವನಿಗೆ ಓದು ಬಾರದು, ಆದರೆ ಅಂಕಿ ಬರುತ್ತದೆ. ಬಸ್ಸಿನ ನಂಬರು ಓದಿ ಹತ್ತುವವಳು. ಅವಳ ಬಳೆಯ ಸದ್ದು ಬಾಗಿಲಿನ ಹತ್ತಿರ ಬಂತು. ಎರಡು ಫೋನೂ ಬೆಳಗುತ್ತಾ ಬಿದ್ದಿದ್ದವು.

ನಾನು ನನ್ನದನ್ನು ಬೋರಲು ಹಾಕಿದೆ. ಮೇಷ್ಟ್ರ ಫೋನಿನ ಮೇಲೆ ಪಲ್ಯದ ಬಟ್ಟಲು ಇಟ್ಟೆ. "ಹದಿಮೂರಾಗೇತಿ ಅವ್ವಾ" ಎಂದೆ.

"ಹದಿಮೂರಾ? ಅಯ್ಯ ಶಿವನ! ಮತ್ಯಾರು ನೋಡಿದ್ರು?"

ನಾನು ಹೆಸರು ಹೇಳುವ ಅಗತ್ಯವೇ ಇರಲಿಲ್ಲ, ಅವಳ ಮನಸ್ಸಿನಲ್ಲಿ ನಿನ್ನ ಹೆಸರು ಆಗಲೇ ಕೂತಿತ್ತು. ಮೇಷ್ಟ್ರು ನನ್ನ ಮುಖ ನೋಡಿದರು. ಅವರು ಬಾಯಿಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು — ಬಿಡಲಿ ಎಂದು ಒಂದು ಗಳಿಗೆ ನಾನೇ ಬಯಸಿದೆನೇನೋ. ಅವರು ತಲೆ ತಗ್ಗಿಸಿ ಉಂಡರು. ಮರುದಿನವೂ ಬಂದರು, ಆದರೆ ಎರಡನೆಯ ರೊಟ್ಟಿ ಕೇಳಲಿಲ್ಲ. ತಿಂಗಳು ತುಂಬಿದ ಮೇಲೆ ಬೇರೆ ಖಾನಾವಳಿಗೆ ಹೋದರು.

ಭಾನುವಾರ ಆ ಯೋಧ ಒಬ್ಬನೇ ಹೊರಟ. ಉಂಡಿಯ ಡಬ್ಬಿಯನ್ನೂ ಕೌದಿಯನ್ನೂ ಅವನ ಕೈಯಲ್ಲಿ ಕಳಿಸಿದೆವು. ಅವ್ವ ಕೌದಿಯನ್ನು ಒಮ್ಮೆ ಮೂಸಿ ನೋಡಿ ಕೊಟ್ಟಳು.

ಡಾಕ್ಟರು ಹೇಳಿದ ದಿನಕ್ಕಿಂತ ಹನ್ನೊಂದು ದಿನ ಮುಂಚೆಯೇ ನಿನಗೆ ನೋವು ಬಂತು. ನಿಮ್ಮ ಮನೆಯವರು ಡ್ಯೂಟಿಯ ಮೇಲೆ ದೂರದಲ್ಲಿದ್ದರು. ಹೊಲಿಗೆ ಕೀವಾಗಿ ಜ್ವರ ಬಂದದ್ದು, ಎದೆಹಾಲಿಲ್ಲದೆ ಕೂಸಿಗೆ ಬಾಟಲಿ ಹಿಡಿಸಿದ್ದು, ಭಾಷೆ ಬಾರದ ಪಕ್ಕದ ಮನೆಯಾಕೆ ನಿನಗೆ ಗಂಜಿ ಕುಡಿಸಿದ್ದು — ಇದನ್ನೆಲ್ಲ ನೀನು ಅವ್ವನಿಗೆ ಹೇಳುವಾಗ ನಾನು ಪಕ್ಕದಲ್ಲೇ ಕೂತು ನೂರೈವತ್ತು ರೊಟ್ಟಿ ಎಣಿಸುತ್ತಿದ್ದೆ. ಕೊನೆಗೆ ನೀನು ಅತ್ತು ಅಂದ ಮಾತೂ ಕೇಳಿಸಿತು: "ನನ್ನ ಕೈ ಸುಮ್ನ ಕುಂದ್ರಲಿಲ್ಲವ್ವಾ. ನಾನ ನೋಡಿ ನೋಡಿ ಕೆಡಿಸಿಕೊಂಡೆ."

ಅವ್ವ ನಿನ್ನನ್ನು ಸಮಾಧಾನ ಮಾಡಿದಳು. "ಇರ್ಲಿ ಬಿಡು ಯವ್ವಾ, ತಿಳೀಲಾರದ ಮಾಡಿದಿ." ಮಗಳ ತಪ್ಪನ್ನು ಅವಳು ಕ್ಷಮಿಸಿದಳು ಗೌರಿ, ಮಗಳು ಮಾಡದ ತಪ್ಪನ್ನು. ನಾನು ಲೆಕ್ಕ ತಪ್ಪಿ ಮತ್ತೆ ಒಂದರಿಂದ ಎಣಿಸಿದೆ.

ಆ ಸೈಟಿನವರು ನಿಜವಾಗಿಯೂ ಹಾಗೆ ಮಾಡುತ್ತಾರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಕಂಡಕಂಡವರನ್ನು ಕೇಳಿದ್ದೇನೆ. ಮಾಡುತ್ತಾರೆ ಎನ್ನುವವರಿದ್ದಾರೆ; ಇಲ್ಲ, ಸೀಟು ತುಂಬಿದಂತೆ ದರ ಏರುತ್ತದೆ, ಖಾಲಿ ಉಳಿದರೆ ಇಳಿಯುತ್ತದೆ ಎನ್ನುವವರೂ ಇದ್ದಾರೆ. ಮಾಡುತ್ತಾರೆ ಎಂದಾಗಲೆಲ್ಲ ನನಗೆ ಒಳಗೊಳಗೇ ಹಗುರವಾಗುತ್ತಿತ್ತು — ಅದನ್ನೂ ಮುಚ್ಚಿಡಬಾರದು. ಅವರು ಬೇರೆ ಕಡೆ ಏನೇ ಮಾಡಲಿ, ಆ ಗುರುವಾರ ಮಾಡಿರಲಿಲ್ಲ. ನಾನು ಮಾಡಿದ್ದೆ.

ಹೋದ ವಾರ ನೀನು ಫೋನು ಮಾಡಿ, ಎರಡನೆಯದಕ್ಕೂ ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ ಎಂದೆ. ಆಮೇಲೆ, "ಈ ಸಲ ನಾನು ಫೋನ ಮುಟ್ಟಂಗಿಲ್ಲ ಅತ್ತಿಗೀ. ನೀನ ನೋಡು, ನೀನ ಮಾಡು. ನನಗ ರೇಟೂ ಹೇಳಬ್ಯಾಡ" ಎಂದೆ. ಹೂಂ ಎಂದು ಇಟ್ಟೆ.

ಮರುದಿನ ಮುಂಜಾನೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಹಿಟ್ಟಿನ ಮುದ್ದೆ ಮಗುಚಿ ಕೇಳಿದಳು, "ಗೌರಿಗಿ ಹೇಳಿದೇನು?"

"ಇಲ್ಲವ್ವಾ."

"ನಾಕು ವರ್ಷ ಆ ಹುಡುಗಿನ್ನ ನಾನು ತಪ್ಪಿನ್ಯಾಗ ಇಟ್ಟೆ. ಆಕಿಗಿ ಹೇಳೂತನಕ ನನ್ನ ಟಿಕೀಟು ಮಾಡಬ್ಯಾಡ. ಯಾವ ಮಕ ಹೊತ್ತುಕೊಂಡು ಆಕಿ ಮನಿ ಮೆಟ್ಟಲಾ ಹತ್ತಲಿ?" ಕೈ ತೊಳೆದು ಎದ್ದಳು. "ನಿನ್ನ ಬಾಣಂತನಾ ಮಾಡಿದ ಕೈ ಇವು" ಎಂದಷ್ಟೇ ಅಂದಳು. ಅಂದಿನಿಂದ ನನ್ನೊಡನೆ ಮಾತಿಲ್ಲ.

ಹಾಗೆ ಮೂರು ದಿನವಾಯಿತು. ಒಂದು ಸಾಲು ಬರೆಯುವುದು, ಹರಿಯುವುದು. ಅವ್ವನಿಗೆ ಹೇಳಿದ ದಿನ ಒಮ್ಮೆ ದರ ನೋಡಿದ್ದೆ, ಈಗ ಮತ್ತೆ ನೋಡಿದೆ; ಮೂರು ದಿನದಲ್ಲಿ ಎರಡು ಸಾವಿರ ಏರಿದೆ. ನಡುವೆ ಯಾರೂ ನೋಡಿರಲಿಲ್ಲ. ನಾನು ತಡಮಾಡಿದೆ, ಅಷ್ಟೇ.

ಈ ಹಾಳೆಗಳ ಫೋಟೋ ತೆಗೆದು ನಿನಗೆ ಕಳಿಸುತ್ತಿದ್ದೇನೆ. ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ, ಅದನ್ನು ಕೇಳುವ ಹಕ್ಕು ನನಗಿಲ್ಲ. ಓದಿದೆ ಎಂದು ಒಂದು ಮಾತು ಅವ್ವನ ಫೋನಿಗೆ ಹೇಳು, ಆಗಲೇ ಟಿಕೀಟು ಮಾಡುತ್ತೇನೆ; ಈ ಸಲ ನಿಮ್ಮಣ್ಣನೇ ಅವಳ ಜೊತೆಗೆ ಬರುತ್ತಾರೆ. ಚೀಲ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಾಳೆ.