ನಾಲ್ಕನೆಯ ಫೋಟೋ

ಹೋದ ವರ್ಷ ಅಡ್ಮಿಷನ್ ಶುರುವಾಗುವ ಮುಂಚಿನ ಮಾತು. ವಿಜಯನಗರದ ಒಂದು ಪುಟ್ಟ ನರ್ಸರಿ ಶಾಲೆಯಲ್ಲಿ ನಾನು ಟೀಚರ್. ಕಂಪ್ಯೂಟರ್ ಸ್ವಲ್ಪ ಗೊತ್ತಿದೆ ಎಂದು ಶಾಲೆಯ ವೆಬ್‌ಸೈಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಸಿದ್ಧ ಟೆಂಪ್ಲೇಟ್ ಒಂದನ್ನು ಆರಿಸಿಕೊಂಡು, ಸಿಎಸ್‌ಎಸ್‌ನಲ್ಲಿ ಒಂದೊಂದೇ ಸಾಲು ಕೋಡ್ ಬರೆದು ಅದರ ಬಣ್ಣ, ಅಕ್ಷರ, ಜೋಡಣೆ ಬದಲಾಯಿಸುವುದನ್ನು ವಿಡಿಯೋ ನೋಡಿ ಕಲಿತೆ. ‘ನಮ್ಮ ಬಳಗ’ ಎಂಬ ಪುಟಕ್ಕೆ ನಾಲ್ವರ ಫೋಟೋ ಬೇಕಿತ್ತು: ಹೆಡ್ ಮಿಸ್, ನಾನೂ ಸೇರಿ ಇಬ್ಬರು ಟೀಚರುಗಳು, ಆಯಾ ಗೌರಮ್ಮ. ದೀಪಾಂಜಲಿ ನಗರದಿಂದ ಬರುವ ಗೌರಮ್ಮ ನಮ್ಮೆಲ್ಲರಿಗಿಂತ ಹಳಬರು. ಫೋಟೋ ತೆಗೆದ ದಿನ ರೇಷ್ಮೆ ಸೀರೆ ಉಟ್ಟು ಬಂದಿದ್ದರು.

ಆ ಟೆಂಪ್ಲೇಟ್‌ನಲ್ಲಿ ಸಾಲಿಗೆ ಮೂರೇ ಚೌಕ. ನಾಲ್ಕನೆಯದು ಕೆಳಗೆ ಒಂಟಿಯಾಗಿ ಬಿದ್ದು ಪುಟದ ಅಂದ ಕೆಡುತ್ತಿತ್ತು. ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ಅದು ಕಾಣದಂತೆ ಒಂದು ಸಾಲು ಕೋಡ್ ಬರೆದೆ. ಅದು ಯಾರ ಚೌಕ ಎಂದು ನನಗೆ ಗೊತ್ತಿತ್ತು. ಆಯಾ ಮುಖ ನೋಡಿ ಯಾರು ಅಡ್ಮಿಷನ್ ಮಾಡಿಸುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ವೆಬ್‌ಸೈಟ್ ನೋಡಿ ಎಲ್ಲರೂ ಹೊಗಳಿದರು. ಒಂದು ಫೋಟೋ ಇಲ್ಲದ್ದನ್ನು ಹೆಡ್ ಮಿಸ್ ಕೂಡ ಗಮನಿಸಲಿಲ್ಲ.

ಎರಡು ದಿನ ಬಿಟ್ಟು, ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಗೌರಮ್ಮ ಮೊಬೈಲ್ ಹಿಡಿದು ಬಂದರು.

“ಮಿಸ್, ಮಗಳು ಫೋನ್ ಮಾಡಿದ್ಲು. ಅವಳತ್ತೆ ಮನೇಲಿ ಎಲ್ರೂ ಕೂತ್ಕೊಂಡು ನೋಡಿದ್ರಂತೆ. ನಾನು ಕಾಣ್ಲಿಲ್ವಂತೆ. ಎಲ್ಲಿ ಒತ್ತಬೇಕು ಹೇಳ್ಕೊಡ್ತೀರಾ?”

ನಾನು ಅವರ ಮೊಬೈಲ್ ಇಸಿದುಕೊಂಡು ಹುಡುಕುವವಳಂತೆ ಪುಟ ಸರಿಸಿದೆ. ಅವರೇ ದನಿ ತಗ್ಗಿಸಿ, “ಕಣ್ ಮುಚ್ಚಿಬಿಟ್ಟಿದ್ನೇನೋ. ನನ್ ಫೋಟೋ ಚೆನ್ನಾಗಿ ಬಂದಿಲ್ಲ ಅಲ್ವಾ? ನಾಳೆ ಇನ್ನೊಂದ್ಸಲ ತೆಗೆಸ್ಕೊಳ್ತೀನಿ ಬಿಡಿ” ಎಂದರು.

ಫೋಟೋ ಚೆನ್ನಾಗಿಯೇ ಇತ್ತು. ನಾನೇ ಮರೆಮಾಡಿದೆ ಎನ್ನಬೇಕಿತ್ತು. “ಕಂಪ್ಯೂಟರ್‌ದೇ ಏನೋ ತೊಂದರೆ, ಸರಿ ಮಾಡ್ತೀನಿ” ಎಂದುಬಿಟ್ಟೆ.

ಅಂದೇ ಕೂತು ಸಾಲಿಗೆ ಎರಡರಂತೆ ಜೋಡಿಸಿದೆ. ನಾಲ್ಕೂ ಅಚ್ಚುಕಟ್ಟಾಗಿ ಕೂತವು. ಐದು ನಿಮಿಷವೂ ಹಿಡಿಯಲಿಲ್ಲ. ನಾಲ್ಕನೆಯದು ಹೆಡ್ ಮಿಸ್ ಫೋಟೋ ಆಗಿದ್ದರೆ ಈ ದಾರಿ ನನಗೆ ಮೊದಲ ದಿನವೇ ಹೊಳೆಯುತ್ತಿತ್ತು.

ಮರುದಿನ ಗೌರಮ್ಮ ಡಬ್ಬಿಯಲ್ಲಿ ಕೋಡುಬಳೆ ತಂದರು. “ನನಗೋಸ್ಕರ ಅಷ್ಟು ಕಷ್ಟಪಟ್ರಲ್ಲ ಮಿಸ್” ಎಂದರು. ನಾನು ತಲೆತಗ್ಗಿಸಿ ತಿಂದೆ. ನಿಜ ಏನೆಂದು ಅವರಿಗೆ ಇವತ್ತಿಗೂ ಹೇಳಿಲ್ಲ.