ಹುಳಿ ಕಾಗದದ ಬುರುಲ್

ನರ್ಸ್ ಬುರುಲ್‌ಗೆ ಆಸ್ಪತ್ರೆಯಲ್ಲಿ ಎರಡು ಹೆಸರಿದ್ದವು. ಎದುರಿಗೆ ಸಿಕ್ಕಾಗ ಕಿರಿಯರೆಲ್ಲ ‘ಬುರುಲ್ ಎಜೆ’ ಎನ್ನುತ್ತಿದ್ದರು, ಅಕ್ಕಾ ಎಂದ ಹಾಗೆ. ಬೆನ್ನು ತಿರುಗಿಸಿದರೆ ‘ಹುಳಿ ಕಾಗದ’. ಅದು ಅವಳ ಕಿವಿಗೂ ಬಿದ್ದಿತ್ತು. ಅವಳು ಬೇಸರ ಮಾಡಿಕೊಂಡವಳಲ್ಲ.

ನುಂಗಲಾರದ ರೋಗಿಗೆ ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಊಟ ಕೊಡುವುದು ಅವಳ ವಾರ್ಡಿನ ದಿನದ ಕೆಲಸ. ಗಂಟಲಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಹೊಟ್ಟೆಗೆ, ಇನ್ನೊಂದು ಉಸಿರಿಗೆ. ಕೊಳವೆ ಯಾವ ಕವಲು ಹಿಡಿಯಿತೆಂದು ಕಣ್ಣಿಗೆ ಕಾಣದು. ಮೊದಲೆಲ್ಲ ಸಿರಿಂಜಿನಿಂದ ಗಾಳಿ ಊದಿ, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ಗುಳುಗುಳು ಕೇಳಿದರೆ ಸಾರು ಸುರಿಯುತ್ತಿದ್ದರು. ಶ್ವಾಸಕೋಶಕ್ಕೆ ಊದಿದ ಗಾಳಿಯೂ ಹಾಗೆಯೇ ಗುಳುಗುಟ್ಟೀತು ಎಂದು ರಾಜಧಾನಿ ಬಿಷ್ಕೆಕ್‌ನ ತರಬೇತಿಯಲ್ಲಿ ಕೇಳಿದ ದಿನ ಬುರುಲ್‌ಗೆ ಊಟ ಸೇರಲಿಲ್ಲ. ಊರಿಗೆ ಮರಳುವಾಗ ಹಳದಿ ಕಾಗದದ ಪಟ್ಟಿಗಳನ್ನು ತಂದಳು. ಕೊಳವೆಯಿಂದ ಒಂದು ಹನಿ ಎಳೆದು ಕಾಗದಕ್ಕೆ ಮುಟ್ಟಿಸಬೇಕು. ಹೊಟ್ಟೆಯ ಹುಳಿಯಾದರೆ ಕೆಂಪಾಗುತ್ತದೆ.

ಅದನ್ನು ವಾರ್ಡಿನ ಪದ್ಧತಿ ಮಾಡುವಷ್ಟರಲ್ಲಿ ಎಷ್ಟೋ ಜಗಳಗಳಾದವು. “ಗಂಡನ ಚಹಾಕ್ಕೂ ಅದ್ದಿ ನೋಡ್ತೀಯೇನೇ?” ಎಂದು ಜೊತೆಯ ನರ್ಸ್ ಸಯ್ರಾ ಕೆಣಕುತ್ತಿದ್ದಳು. “ಅವನ ಮುಖ ನೋಡಿದ್ರೇ ಗೊತ್ತಾಗತ್ತೆ ಬಿಡು, ಕಾಗದ ಯಾಕೆ ದಂಡ?” ಎನ್ನುತ್ತಿದ್ದಳು ಬುರುಲ್. ನಕ್ಕು ನಕ್ಕೇ ಎಲ್ಲರೂ ಒಪ್ಪಿಕೊಂಡರು.

ಆ ಬೇಸಿಗೆಯಲ್ಲಿ ಮುಕಾಯ್ ಎಂಬ ಮುದುಕನನ್ನು ಬೆಟ್ಟದ ಹುಲ್ಲುಗಾವಲಿನಿಂದ ಇಳಿಸಿ ತಂದರು. ಕುದುರೆ ಕಾಯುವವನು. ಪಾರ್ಶ್ವವಾಯು ಬಡಿದು ಬಲಗಡೆ ಬಿದ್ದುಹೋಗಿತ್ತು. ಗಂಟಲು ಸತ್ತಿತ್ತು, ಕೆಮ್ಮಲೂ ಬಲವಿರಲಿಲ್ಲ. ಬಾಯಿಗೆ ತೊಟ್ಟು ನೀರೂ ಹಾಕಬಾರದೆಂದು ಡಾಕ್ಟರ್ ಉಲಾನ್ ಹೆಂಡತಿ ಬಾತ್ಮಾಳಿಗೂ ಮಗ ಎಸೆನ್‌ಗೂ ಬಿಡಿಸಿ ಹೇಳಿದ್ದ.

ಮಧ್ಯಾಹ್ನ ಬುರುಲ್ ಬಿಸ್ಮಿಲ್ಲಾ ಎಂದು ಕೊಳವೆ ಕೈಗೆತ್ತಿಕೊಂಡಳು. ಅದು ಸುಲಭಕ್ಕೆ ಇಳಿಯಲಿಲ್ಲ. ಬಾಯಲ್ಲಿ ಸುರುಳಿ ಸುತ್ತಿತು, ಮೂಗಿನಲ್ಲಿ ರಕ್ತ ಒಸರಿತು. ಮುದುಕನ ಎಡಗಣ್ಣಿನಿಂದ ನೀರು ಹರಿಯಿತು. “ಸಾಕು ಎಜೆ, ಸಾಕು!” ಎಂದು ಎಸೆನ್ ಗೋಡೆಗೆ ಮುಖ ಮಾಡಿ ನಿಂತ. ಕೊನೆಗೊಮ್ಮೆ ಕೊಳವೆ ಸರಾಗವಾಗಿ ಜಾರಿತು. ಹನಿ ಎಳೆದಳು. ಕಾಗದ ಕೆಂಪಾಯಿತು.

ಎಸೆನ್ ಥರ್ಮಾಸಿನ ಮುಚ್ಚಳ ತಿರುಗಿಸಿದ. ಕುರಿ ಎಲುಬಿನ ಸಾರು, ಸೋಸಿ ತಂದದ್ದು. ಸಯ್ರಾ ದೊಡ್ಡ ಸಿರಿಂಜನ್ನು ಮುಂದೆ ಹಿಡಿದಳು.

ಬುರುಲ್ ತೆಗೆದುಕೊಳ್ಳಲಿಲ್ಲ. ಹನಿ ಎಳೆದ ಸಿರಿಂಜನ್ನು ಮತ್ತೆ ಮೂಗಿನ ಬಳಿ ತಂದಳು. ಹೊಗೆಯ ವಾಸನೆ, ಅದರಡಿಯಲ್ಲಿ ಹುಳಿ. ಹೊಗೆ ಹಿಡಿಸಿದ ತೊಗಲಿನ ಚೀಲದಲ್ಲಿ ಹುಳಿಯಿಟ್ಟ ಕುದುರೆ ಹಾಲು. ಕಿಮಿಜ್. ಹುಟ್ಟಿದಾಗಿನಿಂದ ಅವಳ ಮೂಗಿಗೆ ಗೊತ್ತಿದ್ದ ವಾಸನೆ.

ಕಾಗದ ಕೆಂಪಾದದ್ದು ಹೊಟ್ಟೆಯ ಹುಳಿಗೋ, ಉಸಿರಿನ ದಾರಿಗೆ ಇಳಿದ ಕಿಮಿಜ್‌ನ ಹುಳಿಗೋ?

“ಬಾತ್ಮಾ ಅಪಾ, ಬಾಯಿಗೆ ಏನಾದ್ರೂ ಕೊಟ್ರಾ?” ಅಪಾ ಎಂದರೆ ಅಮ್ಮ; ಆದರೂ ಅವಳ ದನಿ ಗಡುಸಾಗಿತ್ತು.

“ಇಲ್ಲ ಮಗಳೇ.” ಮುದುಕಿ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

“ಏನೂ ಇಲ್ವಾ?”

“ಅಮ್ಮ ಇಲ್ಲ ಅಂದ್ಮೇಲೆ ಮುಗೀತಲ್ಲ!” ಎಸೆನ್ ತಿರುಗಿ ನಿಂತ. “ನನ್ನೆದುರಿಗೇ ನಮ್ಮಮ್ಮನ್ನ ಸುಳ್ಳಿ ಅಂತೀರಾ? ಅಪ್ಪ ಹಸಿದು ಸಾಯ್ತಿದ್ದಾನೆ, ಸಾರು ಕೈಯಲ್ಲಿದೆ. ಕೆಂಪಾದ್ರೆ ಸರಿ ಅಂತ ನೀವೇ ಹೇಳಿದ್ದಲ್ವಾ?”

ಗದ್ದಲ ಕೇಳಿ ಡಾಕ್ಟರ್ ಉಲಾನ್ ಬಂದ. ಕಾಗದ ನೋಡಿದ. ಸಯ್ರಾ ಅಷ್ಟರಲ್ಲಿ ಗಾಳಿ ಊದಿ ಕಿವಿಗೊಟ್ಟಿದ್ದಳು. “ಗುಳುಗುಳು ಅಂತಿದೆ ಡಾಕ್ಟ್ರೇ. ನನ್ನ ಕಿವಿನೂ ಹೌದು ಅಂತಿದೆ, ಅವಳ ಕಾಗದನೂ ಹೌದು ಅಂತಿದೆ. ಇನ್ನೇನು, ಮುಲ್ಲಾನ ಕರೆಸ್ಬೇಕಾ?”

“ಎಕ್ಸ್‌ರೇ ಬೇಕು,” ಎಂದಳು ಬುರುಲ್.

ಎಕ್ಸ್‌ರೇ ಇದ್ದದ್ದು ಅಂಗಳದಾಚೆಯ ಕಟ್ಟಡದಲ್ಲಿ. ಮೆಟ್ಟಿಲಿಳಿಸಿ ಹೊತ್ತೊಯ್ಯಬೇಕು. ಉಲಾನ್ ಮುದುಕನ ಬೆರಳಿಗೆ ಸಿಕ್ಕಿಸಿದ್ದ ಯಂತ್ರದಲ್ಲಿ ಆಮ್ಲಜನಕದ ಅಂಕಿ ನೋಡಿದ. ಬೆಳಗ್ಗಿನಿಂದಲೇ ಚೆನ್ನಾಗಿರಲಿಲ್ಲ, ಈಗ ಇನ್ನಷ್ಟು ಇಳಿದಿತ್ತು. “ಎಜೆ, ಈ ಉಸಿರಲ್ಲಿ ಹೊತ್ಕೊಂಡು ಹೋದ್ರೆ ದಾರೀಲೇ ಹೆಚ್ಚುಕಮ್ಮಿ ಆಗ್ಬಹುದು. ಕೊಳವೆ ತೆಗೆದು ಇಲ್ಲೇ ಇನ್ನೊಂದ್ಸಲ ಹಾಕೋಣ ಅಂದ್ರೆ ಮೂಗು ಹೀಗಾಗಿದೆ. ವಾಸನೆ ಬಿಟ್ರೆ ನಿಮ್ಮ ಹತ್ರ ಬೇರೇನಿದೆ?”

ಅವನು ಕೇಳಿದ್ದು ತಪ್ಪಲ್ಲ. ಬೇರೇನೂ ಇರಲಿಲ್ಲ. ತಾನೇ ತಂದ, ತಾನೇ ಹೋರಾಡಿ ಒಪ್ಪಿಸಿದ ಕಾಗದವನ್ನು ತಾನೇ ನಂಬುತ್ತಿಲ್ಲ ಎಂದು ಹೇಳಬೇಕಿತ್ತು. ಆ ಸಾರು ಶ್ವಾಸಕೋಶಕ್ಕೆ ಇಳಿದರೆ ಮುದುಕ ಮಲಗಿದಲ್ಲೇ ಮುಳುಗುತ್ತಾನೆ.

ಅವಳು ಬಾತ್ಮಾಳ ಮುಂದೆ ನೆಲದ ಮೇಲೆ ಕುಳಿತಳು. ಹಿರಿಯಳ ಮಾತನ್ನು ಮಗನೆದುರು ಎರಡು ಸಲ ಪ್ರಶ್ನಿಸಿ ಆಗಿತ್ತು. ಮೂರನೆಯ ಸಲ ಹಾಗೆ ಕೇಳುವಂತಿರಲಿಲ್ಲ.

“ಅಪಾ, ಅಜ್ಜನ ತುಟಿ ಒಣಗಿ ಸೀಳಿತ್ತಲ್ಲ. ನಾನೂ ನೋಡ್ದೆ. ಯಾತರಲ್ಲಿ ಒದ್ದೆ ಮಾಡಿದ್ರಿ?”

ಬಾತ್ಮಾಳ ಬೆರಳು ನಿಂತಿತು.

“ಬಾಯಾರಿ ಹೋಗ್ಬಾರ್ದಲ್ಲ ಮಗಳೇ,” ಎಂದಳು ಮೆಲ್ಲಗೆ. “ಸಾಯೋ ಹೊತ್ತಲ್ಲಿ ಶೈತಾನ ನೀರಿನ ಬಟ್ಟಲು ಹಿಡ್ಕೊಂಡು ನಿಂತಿರ್ತಾನಂತೆ, ದೇವರ ಮೇಲಿನ ಈಮಾನು ಬಿಟ್ಟುಕೊಡು ನೀರು ಕೊಡ್ತೀನಿ ಅಂತ. ಅದಕ್ಕೇ ಚಮಚದಲ್ಲಿ ಹನಿ ಹನಿ ಬಿಟ್ಟೆ. ನೀರು ಈ ಮುದುಕನಿಗೆ ಯಾವ ಕಾಲಕ್ಕೆ ಸೇರಿತ್ತು? ಕಿಮಿಜ್ ಬಿಟ್ಟೆ. ಅದು ಊಟ ಅಲ್ವಲ್ಲ. ನುಂಗಿದ ಅಂದ್ಕೊಂಡೆ…”

ಎಸೆನ್ ಥರ್ಮಾಸನ್ನು ಕಿಟಕಿಯ ಮೇಲಿಟ್ಟ. ಉಲಾನ್ ಸ್ಟ್ರೆಚರಿನ ತಲೆಯ ಕಡೆ ಹಿಡಿದ. “ಎಸೆನ್, ನೀನು ಕಾಲ್ಕಡೆ. ಅಲುಗಿಸ್ಬೇಡ.”

ಮೆಟ್ಟಿಲಲ್ಲಿ ಆಮ್ಲಜನಕದ ಸಿಲಿಂಡರನ್ನು ಸಯ್ರಾ ಮಗುವಿನಂತೆ ತಬ್ಬಿಕೊಂಡು ಹಿಂದೆ ಹಿಂದೆ ಇಳಿದಳು. ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ಅರ್ಧ ದಾರಿಯಲ್ಲಿ ಮುದುಕನ ಉಸಿರು ಗೊರಗೊರ ಎಂದಿತು, ತುಟಿ ನೀಲಿಗೆ ತಿರುಗಿತು. “ನಿಲ್ಲಿಸಿ! ಪಕ್ಕಕ್ಕೆ ಹೊರಳಿಸಿ!” ಎಂದ ಉಲಾನ್. ಎಲ್ಲರೂ ನಿಂತರು. ಬುರುಲ್ ಬಾಯಿಂದ ನೊರೆ ಒರೆಸಿದಳು. ಹೊತ್ತು ತಂದದ್ದೇ ತಪ್ಪಾಯಿತೇ? ಅವಳ ತುಟಿ ತನಗೆ ತಾನೇ ಅಲುಗುತ್ತಿತ್ತು. ಹೇಳುತ್ತಿದ್ದ ದುವಾ ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಮುದುಕ ಮತ್ತೊಂದು ಉಸಿರೆಳೆದ. ನಡೆದರು.

ಪರದೆಯ ಮೇಲೆ ಚಿತ್ರ ಮೂಡಿತು. ಬಿಳಿಯ ಗೆರೆಯೊಂದು ಎದೆಯ ನಡುವಿನವರೆಗೆ ನೇರ ಬಂದು, ಅಲ್ಲಿಂದ ಬಲಕ್ಕೆ ಬಾಗಿತ್ತು. ಬಲ ಶ್ವಾಸಕೋಶದೊಳಗೆ.

ಬುರುಲ್ ಕೊಳವೆ ಎಳೆದುಹಾಕಿದಳು. ಉಲಾನ್ ಹೀರುವ ಯಂತ್ರದಿಂದ ಗಂಟಲು ಬರಿದು ಮಾಡಿದ. ಮುದುಕನ ಉಸಿರು ಒಂದಿಷ್ಟು ಹಿಡಿತಕ್ಕೆ ಬಂದ ಮೇಲೆ, ಉಲಾನ್ ಅವನ ಗದ್ದವನ್ನು ಎದೆಗೆ ತಾಗುವಷ್ಟು ಬಾಗಿಸಿ ಹಿಡಿದ, ಬುರುಲ್ ಇನ್ನೊಂದು ಮೂಗಿನ ಹೊಳ್ಳೆಯಿಂದ ಹೊಸ ಕೊಳವೆ ಇಳಿಸಿದಳು. ಮತ್ತೆ ಚಿತ್ರ. ಈ ಸಲ ಗೆರೆ ಎಲ್ಲೂ ಕವಲಾಗದೆ ಎದೆ ದಾಟಿ ಹೊಟ್ಟೆಯಲ್ಲಿ ಮಲಗಿತ್ತು.

“ಜ್ವರ ಬರತ್ತೆ,” ಎಂದ ಉಲಾನ್. “ಎದೆಗೆ ಹೋದ ಕಿಮಿಜ್ ಸುಮ್ನಿರಲ್ಲ. ಔಷಧಿ ಶುರು ಮಾಡ್ತೀನಿ. ಉಳಿದದ್ದು ದೇವರ ಕೈಲಿ.”

ಹಿಂದಿರುಗುವಾಗ ಸಯ್ರಾ ಪಿಸುಗುಟ್ಟಿದಳು: “ನಿನ್ನ ಕಾಗದನೂ ಸುಳ್ಳು ಹೇಳತ್ತೆ ಅಂತಾಯ್ತು.”

“ಹುಳಿ ಇತ್ತು, ಹುಳಿ ಅಂತು. ಅದರ ತಪ್ಪೇನು? ಮೊದಲು ಮನೆಯವರನ್ನ ಕೇಳ್ಬೇಕಿತ್ತು.”

“ಕೇಳಿದ್ಯಲ್ಲ. ಇಲ್ಲ ಅಂದ್ರಲ್ಲ.”

“ಪೊಲೀಸ್ ಥರ ಕೇಳ್ದೆ. ಇನ್ಮೇಲೆ ತುಟಿ ಒದ್ದೆ ಮಾಡಿದ್ದು ಯಾತರಲ್ಲಿ ಅಂತ ಕೇಳಿ, ಆಮೇಲೆ ಕಾಗದ ತೆಗೆಯೋದು. ನೀನೂ ಅಷ್ಟೇ.”

ಸಯ್ರಾ ಹೂಂ ಎಂದಳು.

ವಾರ್ಡಿನಲ್ಲಿ ಬಾತ್ಮಾ ಗೋಡೆಗೊರಗಿ ನಿಂತಿದ್ದಳು. ಚಿತ್ರದಲ್ಲಿ ಕಂಡದ್ದನ್ನು ಮಗ ಆಗಲೇ ಹೇಳಿಬಿಟ್ಟಿದ್ದ. ಬುರುಲ್ ಬಂದೊಡನೆ ಮುದುಕಿ ಅವಳ ತೋಳು ಹಿಡಿದಳು.

“ನಿಜ ಹೇಳು. ನಾನೇ ಕೊಲ್ತಿದ್ನಾ?”

ಸಮಾಧಾನದ ಮಾತೊಂದು ಬುರುಲ್‌ಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಆಡಲಿಲ್ಲ.

“ಕಿಮಿಜ್ ಕೊಡಬಾರದಿತ್ತು, ಅಪಾ. ಆದ್ರೆ ಕೊಳವೆಯನ್ನ ತಪ್ಪು ದಾರಿಗೆ ಬಿಟ್ಟವಳು ನಾನು. ಅದು ನನ್ನ ಕೈ.”

ಬಾತ್ಮಾ ಆ ಕೈಯನ್ನೇ ನೋಡಿದಳು. ಆಮೇಲೆ ಗಂಡನ ಕಡೆ ನೋಡಿದಳು. ಅವನ ಎದೆ ಏರಿ ಇಳಿಯುತ್ತಿತ್ತು.

“ಹಾಗಾದ್ರೆ ಇಬ್ರೂ ದೇವರೆದುರು ತಪ್ಪೊಪ್ಪಿ ತೌಬಾ ಮಾಡೋಣ,” ಎಂದಳು. “ಮೊದಲು ಸಾರು ಕೊಡು. ಆರಿ ಹೋಗ್ತಿದೆ.”